ಗಿರಣಿಯವರ ಕಿವಿ

ಒಣಗಿದ ಜೊಂಡು ಗಾಳಿಗೆ ಉಜ್ಜಾಡುವ ಸದ್ದು ಕೇಳಿದರೆ ಇವತ್ತಿಗೂ ನನ್ನ ಕೈಕಾಲು ತಣ್ಣಗಾಗುತ್ತವೆ. ನಾನೇನು ಪುಕ್ಕಲಿಯಲ್ಲ. ಸಾಲಿನ ನಡುವೆ ನುಗ್ಗಿದವರನ್ನು ಹಿಂದಕ್ಕೆ ಅಟ್ಟುವವಳು, ಪಕ್ಕದ ಮನೆಯವರ ರೇಡಿಯೋ ಜೋರಾದರೆ ಹೋಗಿ ಕದ ಬಡಿಯುವವಳು. ಈ ಬಾಯಿ ನೋಡಿಯೇ ಭಾವ ನನಗೆ ‘ಪಟಾಕಿ’ ಎಂದು ಹೆಸರಿಟ್ಟರು. ಅಂಥ ನಾನು ಆ ಬೇಸಿಗೆಯ ಒಂದು ಭಾನುವಾರ ನನ್ನ ಅಕ್ಕನನ್ನು ಕಳೆದುಕೊಂಡೇಬಿಟ್ಟೆ ಅಂದುಕೊಂಡು ಕೆರೆ ಏರಿಯ ಮೇಲೆ ಕುಸಿದು ಕೂತಿದ್ದೆ. ಅದಕ್ಕೆ ಕಾರಣ ಒಂದು ನನ್ನ ನೀರಿನ ಬಾಟಲಿ, ಇನ್ನೊಂದು ಭಾವನ ಕಿವಿ.

ಭಾವನದು ಹಿಟ್ಟಿನ ಗಿರಣಿ. ಒಂದೇ ಕೋಣೆ, ಒಂದು ಕಿಟಕಿ, ನಡುವೆ ಎರಡು ಯಂತ್ರ. ಬೆಲ್ಟು ಓಡಲು ಶುರುವಾದರೆ ಗೋಡೆಗೆ ನೇತುಹಾಕಿದ ಕ್ಯಾಲೆಂಡರು ಕೂಡ ನಡುಗುತ್ತಿತ್ತು. ಅಲ್ಲಿ ಯಾರೂ ಮಾತಾಡುವುದಿಲ್ಲ, ಆಡಿದರೂ ಕೇಳುವುದಿಲ್ಲ. ಡಬ್ಬ ತಂದವರು ಒಂದು ಬೆರಳು ಎತ್ತಿದರೆ ತರಿ ತರಿ, ಎರಡು ಎತ್ತಿದರೆ ನುಣ್ಣಗೆ. ಭಾವ ರೆಪ್ಪೆಯ ಮೇಲೂ ಹಿಟ್ಟು ಹೊತ್ತುಕೊಂಡು, ತಲೆ ಒಂದು ಕಡೆ ವಾಲಿಸಿ ಕಲ್ಲಿನ ಸದ್ದು ಕೇಳುತ್ತ ನಿಂತಿರುತ್ತಿದ್ದರು. ಕಲ್ಲು ಬಿಸಿಯಾಗಿದೆಯೋ, ಕಾಳಿನಲ್ಲಿ ಹರಳು ಬಂದಿದೆಯೋ, ಬೆಲ್ಟು ಸಡಿಲವಾಗಿದೆಯೋ ಎಲ್ಲ ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಊರಿನವರು ಅವರ ಹೆಸರು ಮರೆತು ‘ಗಿರಣಿಯವರು’ ಎಂದೇ ಕರೆಯುತ್ತಿದ್ದರು.

ದಿನವಿಡೀ ಆ ಗದ್ದಲದಲ್ಲಿ ನಿಂತ ಮನುಷ್ಯನಿಗೆ ನಿಶ್ಶಬ್ದದ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಗಿರಣಿಗೆ ರಜೆಯಿರುವ ಭಾನುವಾರ ಬೆಳಕು ಹರಿಯುವ ಮುಂಚೆಯೇ ಎದ್ದು ಊರಾಚೆಯ ಕಾಡಿಗೆ, ಅಲ್ಲಿಂದ ಕೆರೆಗೆ ನಡೆದುಹೋಗುತ್ತಿದ್ದರು. ಕುತ್ತಿಗೆಗೆ ಹಳೆಯ ದುರ್ಬೀನು. ಮೊದಲು ಒಬ್ಬರೇ, ಆಮೇಲೆ ಜೊತೆಗೆ ನಿವೃತ್ತ ಪೋಸ್ಟ್‌ಮ್ಯಾನ್, ಆಮೇಲೆ ಆಸ್ಪತ್ರೆಯ ನರ್ಸಮ್ಮ, ಹೀಗೆ ಇಪ್ಪತ್ತು ವರ್ಷದಲ್ಲಿ ಹಕ್ಕಿ ನೋಡುವವರ ಒಂದು ಗುಂಪೇ ಆಗಿ ಭಾವ ಅದರ ಯಜಮಾನರಾಗಿದ್ದರು. ಯಜಮಾನರಿಗೆ ಕಾನೂನುಗಳಿದ್ದವು. ಯಾರೂ ಮಾತಾಡಕೂಡದು. ಕೆಂಪು ಬಟ್ಟೆ ಹಾಕಕೂಡದು. ಮೊಬೈಲುಗಳೆಲ್ಲ ಬಾಯಿ ಮುಚ್ಚಿಕೊಂಡು ಅವರ ಚೀಲದೊಳಗೆ ಇರಬೇಕು. ನಾನು ಒಂದು ಸಲ ಕೆಮ್ಮಿದ್ದಕ್ಕೆ ಕೊಲೆಗಾತಿಯನ್ನು ನೋಡಿದಂತೆ ನೋಡಿದ್ದರು ಮಹಾನುಭಾವರು.

ನನ್ನನ್ನು ಅಲ್ಲಿಗೆ ಎಳೆದದ್ದು ಅಕ್ಕ. “ಮನೇಲಿ ಕೂತು ಗೊಣಗೋ ಬದಲು ನಾಲ್ಕು ಹೆಜ್ಜೆ ನಡಿ ಬಾ” ಅಂದಳು. ನನಗೆ ಹಕ್ಕಿಯೆಂದರೆ ಕಾಗೆ, ಗುಬ್ಬಿ, ಮಿಕ್ಕಿದ್ದೆಲ್ಲ ಹಕ್ಕಿ. ಆದರೂ ಭಾವನ ಕಿವಿ ನೋಡಿ ನಾನೂ ಬೆರಗಾಗಿದ್ದೆ. ಎಲೆ ಉದುರಿದ ಕಾಡಿನಲ್ಲಿ ಎಲ್ಲರೂ ಸುಮ್ಮನೆ ನಿಂತಿರುವಾಗ ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ, ಕೈ ಎತ್ತಿ ತೋರಿಸುತ್ತಿದ್ದರು. “ಬಲಗಡೆ. ಮರಕುಟಿಗ.” ನೋಡಿದರೆ ಅಲ್ಲೇ ಇರುತ್ತಿತ್ತು. ಪೋಸ್ಟ್‌ಮ್ಯಾನ್ ಅಂತೂ ಹೊಸಬರಿಗೆಲ್ಲ ಹೇಳುತ್ತಿದ್ದರು, “ಗಿರಣಿಯವರ ಕಿವಿ ಅಂದ್ರೆ ಕಿವಿ. ಅವರು ಆ ಕಡೆ ಅಂದ್ರೆ ಕಣ್ಮುಚ್ಕೊಂಡು ಆ ಕಡೆ ಹೋಗಿ.”

ಅಕ್ಕ ಯಾವಾಗಲೂ ಅವರ ಬಲಕ್ಕೆ, ಮೊಣಕೈ ಹಿಡಿದುಕೊಂಡೇ ನಡೆಯುತ್ತಿದ್ದಳು. ನನಗೆ ನಗು. “ಮದುವೆಯಾಗಿ ಮೂವತ್ತು ವರ್ಷ ಆಯ್ತು, ಇನ್ನೂ ಕೈ ಕೈ ಹಿಡ್ಕೊಂಡು ಓಡಾಡ್ತೀರಲ್ಲ, ಸ್ವಲ್ಪ ನಾಚಿಕೆ ಮಾಡ್ಕೊಳ್ಳಿ” ಎಂದು ರೇಗಿಸಿದ್ದೆ. ಅಕ್ಕ ಮುಖ ಕೆಂಪಗೆ ಮಾಡಿಕೊಂಡು ನಕ್ಕಿದ್ದಳು. ಭಾವ ನಗಲಿಲ್ಲ, ನನ್ನ ತುಟಿಯನ್ನೇ ನೋಡುತ್ತಿದ್ದರು. ಆಗ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ.

ಆ ವರ್ಷದ ಬೇಸಿಗೆ ಕೆಟ್ಟದ್ದಾಗಿತ್ತು. ಕಾಡಿನಲ್ಲಿ ಒಂದು ಹೆಜ್ಜೆ ಇಟ್ಟರೆ ತರಗೆಲೆ ಹತ್ತು ಮಾರು ಆಚೆಗೆ ಸುದ್ದಿ ಮುಟ್ಟಿಸುತ್ತಿತ್ತು. ಕೆರೆ ಒಣಗಿ, ನಡುವೆ ಒಂದು ಹೊಂಡದಷ್ಟು ನೀರು ಉಳಿದಿತ್ತು. ಅದರ ಸುತ್ತ ಆಳೆತ್ತರದ ಜೊಂಡು, ಅದೂ ಒಣಗಿ ಬೆಳ್ಳಗಾಗಿತ್ತು. ಮಿಕ್ಕ ಕೆರೆಯಂಗಳವೆಲ್ಲ ಬಿರುಕು ಬಿಟ್ಟ ನೆಲ. ನೋಡಿದರೆ ಲಾರಿ ಓಡಿಸಬಹುದು ಅನ್ನುವಷ್ಟು ಗಟ್ಟಿ. ಆದರೆ ಜೊಂಡಿನ ಅಂಚಿನಲ್ಲಿ ಹಿಂದೆ ಯಾರೋ ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿಗಳಿದ್ದವು. ವರ್ಷ ವರ್ಷ ಹೂಳು ತುಂಬಿ ಅವು ಮೇಲೆ ಒಣಗಿ ಹಪ್ಪಳಗಟ್ಟಿದ್ದವು, ಕೆಳಗೆ ಹಾಗೇ ಕೆಸರು. ಹಿಂದಿನ ತಿಂಗಳು ಒಂದು ಕರು ಹೀಗೇ ಹೋಗಿತ್ತು. ಹುಡುಕಿ ಬಂದವರಿಗೆ ಸಿಕ್ಕಿದ್ದು ಕೆಸರಿನ ಮೇಲೆ ಬಿದ್ದಿದ್ದ ಕೊರಳ ಹಗ್ಗದ ತುದಿ ಮಾತ್ರ. ಅದಾದ ಮೇಲೆ ಭಾವ ಇನ್ನೊಂದು ಕಾನೂನು ಮಾಡಿದ್ದರು: ಏರಿ ಬಿಟ್ಟು ಯಾರೂ ಕೆಳಗಿಳಿಯಕೂಡದು.

ಆ ಭಾನುವಾರ ನಾವು ಎಂಟು ಜನ. ಕಾಡಿನಂಚಿನ ದೊಡ್ಡ ಮರದ ಕೆಳಗೆ ಸ್ವಲ್ಪ ಹೊತ್ತು ಕೂತು, ಏರಿ ಹಿಡಿದು ಆ ತುದಿಯವರೆಗೆ ಹೋದೆವು. ಕೆರೆಯಂಗಳದಲ್ಲಿ ಟಿಟ್ಟಿಭಗಳು ಬಯಲು ನೆಲದ ಮೇಲೆಯೇ ಮೊಟ್ಟೆಯಿಟ್ಟಿದ್ದವು. ಉದ್ದ ಕಾಲಿನ ಆ ಹಕ್ಕಿಗಳು ನಮ್ಮ ನೆರಳು ಕಂಡರೂ ಕಿರುಚುತ್ತಿದ್ದವು. ಬೆಳಗಿನಿಂದ ಅದೇ ಗಲಾಟೆ, ಕೇಳಿ ಕೇಳಿ ನಮಗೆ ಅಭ್ಯಾಸವಾಗಿಹೋಗಿತ್ತು. ಭಾವ ಬಾಗಿ ನಿಂತು ದುರ್ಬೀನಿನಲ್ಲಿ ಹೊಂಡದ ಬೆಳ್ಳಕ್ಕಿಗಳನ್ನು ಎಣಿಸುತ್ತಿದ್ದರು. ಎಂಟೂವರೆಗೆಲ್ಲ ಬಿಸಿಲು ನೆತ್ತಿ ಸುಡುತ್ತಿತ್ತು. ನನಗೆ ಗಂಟಲು ಒಣಗಿತು. ಚೀಲ ತಡಕಿದರೆ ಬಾಟಲಿ ಇಲ್ಲ.

“ಮರದ ಕೆಳಗೇ ಬಿಟ್ಟು ಬಂದೆ ಕಣೇ” ಎಂದು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದೆ.

“ನನ್ನ ಬಾಟಲಿನೂ ಖಾಲಿ. ಇರು, ತರ್ತೀನಿ.”

“ನಾನೇ ಹೋಗ್ತೀನಿ.”

“ನೀನು ಬೇಡ. ಚಪ್ಪಲಿ ಕಿತ್ತೋಗಿದೆ, ಕುಂಟ್ಕೊಂಡು ಹೋಗಿ ಬರೋಷ್ಟರಲ್ಲಿ ಸಂಜೆ ಆಗುತ್ತೆ. ನೀನು ಇವರ ಪಕ್ಕ ನಿಂತ್ಕೋ. ಬಿಟ್ಟು ಹೋಗ್ಬೇಡ.”

ಆ ಕೊನೆಯ ಮಾತು ಹೇಳುವಾಗ ಅವಳ ಮುಖದಲ್ಲಿ ಏನೋ ಇತ್ತು. ಗಂಡ ಏನು ಎಳೆ ಮಗುವೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅವಳು ಭಾವನ ಮೊಣಕೈ ಬಿಟ್ಟು, ಏರಿಯ ಮೇಲೆ ಬೇಗ ಬೇಗ ನಡೆದುಹೋದಳು. ಹೋಗಿ ಬರಲು ಹದಿನೈದು ನಿಮಿಷದ ದಾರಿ.

ಇಪ್ಪತ್ತು ನಿಮಿಷ ಆಯಿತು. ನಾನು ಏರಿಯುದ್ದಕ್ಕೂ ಕಣ್ಣು ಹಾಯಿಸಿದೆ, ಯಾರೂ ಇಲ್ಲ. ಇಪ್ಪತ್ತೈದಾಯಿತು. ಆಗ ಕೇಳಿಸಿತು, ಗಾಳಿಯಲ್ಲಿ ಹರಿದು ಹರಿದು ಬಂದ ಅಕ್ಕನ ದನಿ. ನನ್ನನ್ನೇ ಕರೆಯುತ್ತಿದ್ದಳು. ಒಂದು ಸಲ, ಮತ್ತೊಂದು ಸಲ. ಅದು ಎಡಕ್ಕೆ, ಜೊಂಡಿನ ಕಡೆಯಿಂದ ಬಂದಂತಿತ್ತು. ಆದರೆ ಅವಳು ಹೋದದ್ದು ಕಾಡಿನ ಕಡೆಗೆ. ನಾನು ಕಾನೂನು ಗೀನೂನು ಎಲ್ಲ ಮರೆತು ಭಾವನ ತೋಳು ಹಿಡಿದು ಅಲ್ಲಾಡಿಸಿದೆ.

“ಭಾವ! ಅಕ್ಕ ಕೂಗ್ತಿದಾಳೆ! ಕೇಳಿಸ್ತಾ? ಯಾವ ಕಡೆಯಿಂದ?”

ಅವರು ನನ್ನ ತುಟಿ ನೋಡಿದರು. ನಂತರ ಎಂದಿನಂತೆ ಕಣ್ಣು ಮುಚ್ಚಿದರು, ತಲೆ ವಾಲಿಸಿದರು, ಕೈ ಎತ್ತಿ ತೋರಿಸಿದರು. “ಕಾಡಿನ ಕಡೆ.”

ಗಿರಣಿಯವರ ಕಿವಿ ಅಂದ್ರೆ ಕಿವಿ. ನನಗೆ ಜೊಂಡಿನ ಕಡೆ ಕೇಳಿಸಿದ್ದನ್ನು ನಾನು ಬಾಯಿ ಬಿಟ್ಟು ಹೇಳಲೇ ಇಲ್ಲ. ಲೋಕದಲ್ಲಿ ಎಲ್ಲದಕ್ಕೂ ಬಾಯಿ ಹಾಕುವವಳು ಆ ಒಂದು ಕ್ಷಣ ಸುಮ್ಮನಿದ್ದೆ. ಎಂಟು ಜನರಲ್ಲಿ ಉಳಿದ ಏಳು ಜನ ಕಾಡಿನ ಕಡೆಗೆ ಓಡಿದೆವು. ನಾನು ಚಪ್ಪಲಿ ಬಿಸಾಕಿ ಬರಿಗಾಲಲ್ಲಿ ಓಡಿದೆ.

ಮರದ ಕೆಳಗೆ ಬಾಟಲಿ ಇರಲಿಲ್ಲ. ಅಂದರೆ ಅವಳು ಬಂದು ತೆಗೆದುಕೊಂಡು ಹೋಗಿದ್ದಾಳೆ. ನಾವು ಕಾಡಿನೊಳಗೆ ಹೊಕ್ಕು ಕೂಗಿದೆವು. “ಅಕ್ಕಾ!” ಎಂದು ನಾನು ಗಂಟಲು ಹರಿಯುವಂತೆ ಅರಚಿದೆ. ತರಗೆಲೆ ಸದ್ದು ಮಾಡಿತು, ಎಲ್ಲಿಂದಲೋ ಒಂದು ಕೋಗಿಲೆ ಉತ್ತರ ಕೊಟ್ಟಿತು. ಒಂದೊಂದು ಬುಡದ ಹಿಂದೆ, ಒಂದೊಂದು ಪೊದೆಯಲ್ಲಿ ನೋಡಿದೆವು. ಪ್ರತಿ ಪೊದೆ ಸರಿಸುವಾಗಲೂ ಅವಳ ಸೀರೆ ಕಾಣುತ್ತದೇನೋ ಎಂಬ ಆಸೆ, ಕಂಡರೆ ಹೇಗಿರುತ್ತಾಳೋ ಎಂಬ ಹೆದರಿಕೆ. ನರ್ಸಮ್ಮ ಭಾವನ ಚೀಲದಿಂದ ಮೊಬೈಲು ತೆಗೆದು ಅಕ್ಕನ ನಂಬರಿಗೆ ಫೋನ್ ಮಾಡಿದರು. ಅದೇ ಚೀಲದೊಳಗೆ ಅಕ್ಕನ ಫೋನು ಗುರುಗುಟ್ಟಿತು. ಭಾವ ಆ ಚೀಲವನ್ನೇ ನೋಡುತ್ತ ನಿಂತರು.

ವಾಪಸ್ ಏರಿಗೆ ಬರುವಷ್ಟರಲ್ಲಿ ಇನ್ನೂ ಇಪ್ಪತ್ತು ನಿಮಿಷ ಕಳೆದಿತ್ತು. ಈಗ ಕೂಗೂ ಇರಲಿಲ್ಲ. ಜೊಂಡು ಮಾತ್ರ ಸರಸರ ಅನ್ನುತ್ತಿತ್ತು. ನನಗೆ ಆ ಕರುವಿನ ಹಗ್ಗ ನೆನಪಾಯಿತು. ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ.

“ಭಾವ, ನನಗೆ ಅದು ಜೊಂಡಿನ ಕಡೆಯಿಂದ ಬಂದ ಹಾಗೆ ಕೇಳಿಸ್ತು. ನೀವು ಕಾಡು ಅಂದ್ರಿ. ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ, ನಿಮಗೆ ಕೇಳಿಸಿದ್ದು ಎಲ್ಲಿಂದ?”

ಪೋಸ್ಟ್‌ಮ್ಯಾನ್ ಭಾವನ ಭುಜ ಮುಟ್ಟಿ, “ಹೇಳಿ ಗಿರಣಿಯವರೇ, ನೀವು ಹೇಳಿದ ಕಡೆ ಹೋಗ್ತೀವಿ” ಅಂದರು.

“ನನಗೆ ಏನೂ ಕೇಳಿಸಲಿಲ್ಲ” ಅಂದರು ಭಾವ.

ಯಾರಿಗೂ ಅರ್ಥವಾಗಲಿಲ್ಲ.

“ನನಗೆ ಕಿವಿ ಕೇಳಲ್ಲ. ನಾಲ್ಕು ವರ್ಷ ಆಯ್ತು. ಗಿರಣಿ ತಿಂದು ಹಾಕ್ತು. ಅವಳು ಕೈ ಮೇಲೆ ತಟ್ಟಿ ಹೇಳ್ತಿದ್ಲು. ಒಂದು ತಟ್ಟಿದ್ರೆ ಮರಕುಟಿಗ, ಎರಡು ತಟ್ಟಿದ್ರೆ ಕೋಗಿಲೆ. ಯಾವ ಕಡೆ ಒತ್ತಿದ್ರೆ ಆ ಕಡೆ. ನಾನು ಬರೀ ಕೈ ತೋರಿಸ್ತಿದ್ದೆ. ಕಿವುಡನ ಹಿಂದೆ ಯಾರು ಬರ್ತಾರೆ ಅಂತ... ಈಗಲೂ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಅವಳು ಹೋಗಿದ್ದು ಆ ಕಡೆ ಅಲ್ವಾ ಅಂತ.”

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಆ ಕ್ಷಣ ಆ ಮನುಷ್ಯನನ್ನು ಏರಿಯಿಂದ ಕೆಳಗೆ ನೂಕಿಬಿಡುತ್ತಿದ್ದೆ. “ನಿಮ್ಮ ಮರ್ಯಾದೆಗೋಸ್ಕರ ನನ್ನ ಅಕ್ಕನ್ನ ಕೊಂದ್ರಲ್ಲ!” ಎಂದು ಕಿರುಚಿದೆ. ಅದೂ ಅವರಿಗೆ ಕೇಳಿಸಲಿಲ್ಲ. ಮುಖ ಆಚೆ ತಿರುಗಿಸಿ, ಕೆರೆಯ ಕಡೆ ನೋಡುತ್ತ ನಿಂತಿದ್ದರು.

ನೋಡುತ್ತಲೇ ದುರ್ಬೀನು ಎತ್ತಿದರು. ಕಣ್ಣು ಕೀಳಲಿಲ್ಲ.

“ಟಿಟ್ಟಿಭ” ಅಂದರು.

“ಇಂಥ ಹೊತ್ತಲ್ಲೂ ಹಕ್ಕಿನಾ!” ಅಂದೆ.

ಜೊಂಡಿನ ಅಂಚಿನಲ್ಲಿ ನಾಲ್ಕು ಹಕ್ಕಿ ಎದ್ದಿದ್ದವು. ಮೇಲೇರುತ್ತಿದ್ದವು, ಕಿರುಚುತ್ತ ನೆಲಕ್ಕೆ ಎರಗುತ್ತಿದ್ದವು, ಮತ್ತೆ ಮೇಲೇರುತ್ತಿದ್ದವು. ನರ್ಸಮ್ಮ “ನಾಯಿ ಬಂದಿರಬೇಕು” ಅಂದರು. ಭಾವ ಅವರ ಬಾಯಿ ನೋಡಿ ತಲೆಯಲ್ಲಾಡಿಸಿದರು.

“ನಾಯಿ ಆದ್ರೆ ಓಡಾಡುತ್ತೆ, ಹಕ್ಕಿನೂ ಅದರ ಹಿಂದೇನೇ ಸರೀತಾ ಹೋಗುತ್ತೆ. ಇವು ಒಂದೇ ಕಡೆ ಎರಗ್ತಾ ಇವೆ. ಅಲ್ಲಿರೋದು ಅಲ್ಲಾಡ್ತಾ ಇಲ್ಲ.”

ಅಲ್ಲಾಡ್ತಾ ಇಲ್ಲ ಎಂಬ ಮಾತು ಕೇಳಿ ನಾನು ಅವರ ಕಡೆ ತಿರುಗಿದೆ. ಅಷ್ಟರಲ್ಲಿ ಅವರು ಏರಿ ಇಳಿದು ಓಡುತ್ತಿದ್ದರು. ತಮ್ಮ ಕಾನೂನನ್ನು ತಾವೇ ತುಳಿದುಕೊಂಡು ಬಿರುಕು ನೆಲದ ಮೇಲೆ ಓಡಿದರು, ಕಣ್ಣು ಮಾತ್ರ ಆ ಹಕ್ಕಿಗಳ ಮೇಲೆ. ನಾವು ಹಿಂದೆ.

ಅಕ್ಕ ಕಂಕುಳವರೆಗೆ ಹೂತಿದ್ದಳು. ಎರಡೂ ತೋಳು ಹಪ್ಪಳದಂಥ ಮಣ್ಣಿನ ಮೇಲೆ ಚಾಚಿ, ಕೆನ್ನೆ ನೆಲಕ್ಕೆ ಒತ್ತಿಕೊಂಡಿದ್ದಳು. ಮುಖ ಬೂದಿಯ ಬಣ್ಣ. ಕಣ್ಣು ತೆರೆದಿತ್ತು, ದನಿ ಇರಲಿಲ್ಲ. ನಾನು ನುಗ್ಗಿದೆ. ಪೋಸ್ಟ್‌ಮ್ಯಾನ್ ನನ್ನ ಸೊಂಟ ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಇಬ್ಬರೂ ಒಳಗಿರುತ್ತಿದ್ದೆವು.

ಭಾವ ಜೊಂಡು ಮುರಿದು ಮುರಿದು ಹಾಸಿ, ಅದರ ಮೇಲೆ ಹೊಟ್ಟೆಯಡಿಯಾಗಿ ಮಲಗಿ ತೆವಳಿದರು. ಅವರ ಎರಡು ಕಾಲು ಪೋಸ್ಟ್‌ಮ್ಯಾನ್ ಕೈಯಲ್ಲಿ. ಹಾಸಿದ ಜೊಂಡು ಕೆಳಗೆ ಇಳಿಯುತ್ತಿತ್ತು, ನಾವು ಮತ್ತೆ ಮುರಿದು ಕೊಡುತ್ತಿದ್ದೆವು, ನಮ್ಮ ಅಂಗೈ ಕುಯ್ದು ರಕ್ತ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ನರ್ಸಮ್ಮ “ಜೋರಾಗಿ ಎಳೀಬೇಡಿ, ಎಳೀಬೇಡಿ” ಅನ್ನುತ್ತಲೇ ಇದ್ದರು. ಭಾವ ಅವಳ ಕಂಕುಳಿಗೆ ಕೈಹಾಕಿ ಹಿಡಿದುಕೊಂಡು ಕೂಗುತ್ತಿದ್ದರು, “ಕಾಲು ಅಲ್ಲಾಡ್ಸು, ಮೆಲ್ಲಗೆ, ಬಿಡಲ್ಲ ನಾನು, ಬಿಡಲ್ಲ.” ಇಪ್ಪತ್ತು ವರ್ಷ ಪಿಸುಗುಟ್ಟುತ್ತಲೇ ನಡೆದ ಮನುಷ್ಯ ತಮ್ಮ ದನಿ ತಮಗೇ ಕೇಳದೆ ಆ ಕೆರೆಯೆಲ್ಲ ತುಂಬುವಂತೆ ಕೂಗುತ್ತಿದ್ದರು. ಹೊಂಡದ ಬೆಳ್ಳಕ್ಕಿಗಳೆಲ್ಲ ಎದ್ದುಹೋದವು. ಅರ್ಧ ಗಂಟೆ ಹಿಡಿಯಿತು. ಒಂದು ಸಲ ಅವಳ ಗದ್ದ ಕೆಸರು ಮುಟ್ಟಿತು, ಆಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಒಂದು ಮೊಣಕಾಲು ಮೇಲೆ ಬಂದಿತ್ತು.

ಎತ್ತಿಕೊಂಡು ಹೋಗುವಾಗ ನೆಲದ ಮೇಲೆ ಟಿಟ್ಟಿಭದ ಗೂಡು ಕಂಡಿತು. ಮೂರು ಮೊಟ್ಟೆ ಸರಿಯಾಗಿದ್ದವು, ನಾಲ್ಕನೆಯದು ಒಡೆದು ಮಣ್ಣಿಗೆ ಅಂಟಿತ್ತು. ಪಕ್ಕದಲ್ಲಿ ಮಣ್ಣಿನ ಒಣ ಹೆಂಟೆಗಳು ಬಿದ್ದಿದ್ದವು. ನಮ್ಮಲ್ಲೇ ಯಾರೋ ತುಳಿದಿರಬೇಕು ಅಂದುಕೊಂಡೆ.

ಎರಡು ದಿನ ಅಕ್ಕ ಮಾತಾಡಲಿಲ್ಲ. ಗಿರಣಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ವಾಸನೆಯ ನಡುವೆ, ಊದಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದಳು. ಭಾವ ಗಿರಣಿ ಮುಚ್ಚಿ ಅವಳ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಮೂರನೆಯ ದಿನ ಅಕ್ಕನಿಗೆ ಗಂಜಿ ಕುಡಿಸುತ್ತ ತಡೆಯಲಾಗದೆ ಕೇಳಿದೆ.

“ಏರಿ ಬಿಟ್ಟು ಯಾಕೆ ಇಳಿದೆ ಮಹಾರಾಯ್ತಿ?”

“ಹೊತ್ತಾಯ್ತಲ್ಲ. ಇವರ ಪಕ್ಕ ನಾನಿಲ್ದೆ ಇರೋವಾಗ ಯಾವುದಾದರೂ ಹಕ್ಕಿ ಕೂಗಿ, ಯಾರಾದ್ರೂ ಏನದು ಅಂತ ಕೇಳಿಬಿಟ್ರೆ? ಅದಕ್ಕೆ ಕೆರೆಯಂಗಳಕ್ಕಿಳಿದು ಅಡ್ಡ ಹಾದು ಬಂದೆ.”

“ಸರಿ, ಎರಡು ಸಲ ಕೂಗಿ ಯಾಕೆ ಸುಮ್ಮನಾದೆ?”

“ನಿಮ್ಮ ಹೆಜ್ಜೆ ಸದ್ದು ಕಾಡಿನ ಕಡೆ ಓಡ್ತು. ಇವರೇ ಕೈ ತೋರಿಸಿರ್ತಾರೆ ಅಂತ ಗೊತ್ತಾಯ್ತು. ಕೂಗಿ ಉಸಿರು ಬಿಟ್ಟಾಗಲೆಲ್ಲ ಇನ್ನೊಂದಿಷ್ಟು ಇಳೀತಿದ್ದೆ. ಇವರಿಗೆ ಕೇಳ್ಸಲ್ಲ, ಆದರೆ ಕಾಣುತ್ತಲ್ಲ. ಮುಂದುಗಡೆ ಟಿಟ್ಟಿಭ ಕಾವು ಕೂತಿತ್ತು. ಕೈಗೆ ಸಿಕ್ಕ ಹೆಂಟೆ ಅದಕ್ಕೆ ಹೊಡೆದೆ. ಎದ್ದು ನನ್ನ ಮೇಲೆ ಎರಗ್ತು. ಸುಮ್ಮನಾದ್ರೆ ಮತ್ತೆ ಹೊಡೀತಿದ್ದೆ. ನೀವು ಕಾಡಿಂದ ವಾಪಸ್ ಬರೋ ಹೊತ್ತಿಗೆ ಒಂದೇ ಹೆಂಟೆ ಉಳಿದಿತ್ತು. ಅದನ್ನ ಹೊಡೆದೆ, ಮೊಟ್ಟೆಗೆ ತಗುಲ್ತು. ಪಾಪ.”

ಚಮಚ ನನ್ನ ಕೈಯಲ್ಲೇ ಉಳಿಯಿತು. “ಇವರು ಆ ಹೊತ್ತಲ್ಲಿ ಆ ಕಡೆ ನೋಡ್ದೇ ಇದ್ದಿದ್ರೆ?”

“ಅದನ್ನೇ ನಾನೂ ಯೋಚನೆ ಮಾಡ್ತಿದ್ದೆ. ಹಕ್ಕಿ ಎದ್ರೆ ನೋಡದೆ ಇರ್ತಾರಾ, ನೋಡೇ ನೋಡ್ತಾರೆ ಅಂದ್ಕೊಂಡೆ.”

ಭಾವ ನಮ್ಮಿಬ್ಬರ ಬಾಯನ್ನೂ ಸರದಿಯಂತೆ ನೋಡುತ್ತಿದ್ದರು. “ಏನಂತೆ?” ಅಂದರು. ನಾನು ಮೊದಲ ಸಲ ಅವರೆದುರು ಕೂತು, ತುಟಿ ಕಾಣುವಂತೆ, ಅಕ್ಕ ಹೇಳಿದ್ದನ್ನೆಲ್ಲ ಒಂದೂ ಬಿಡದೆ ನಿಧಾನವಾಗಿ ಹೇಳಿದೆ.

“ಹಕ್ಕಿ ಎದ್ದಿದೆ ಅಂತ ನಾನು ಆ ಕಡೆ ತಿರುಗಲಿಲ್ಲ ಪಟಾಕಿ” ಅಂದರು. “ಕಿವಿ ಕೇಳಲ್ಲ ಅಂತ ಹೇಳಿದ ಮೇಲೆ ನಿಮ್ಮ ಯಾರ ಮುಖಾನೂ ನೋಡೋಕೆ ಆಗ್ಲಿಲ್ಲ. ಅದಕ್ಕೆ ತಿರುಗಿದೆ. ಹೇಳ್ದೇ ಇದ್ದಿದ್ರೆ ಇನ್ನೊಂದು ಸಲ ಕಾಡಿನ ಕಡೇನೇ ಕೈ ತೋರಿಸ್ತಿದ್ದೆ.”

ಅಕ್ಕ ಅವರ ಮೊಣಕೈ ಹಿಡಿದುಕೊಂಡಳು. ಈ ಸಲ ತಟ್ಟಲಿಲ್ಲ. ನಾನು ತಣ್ಣಗಾದ ಗಂಜಿ ಬಿಸಿಮಾಡಿ ತರುತ್ತೇನೆಂದು ಎದ್ದು ಹೋದೆ.